ಮುಖ ನೋಡಿ ಹೇಳಿದ ವಿಮರ್ಶೆ

ನಮ್ಮ ವೈರೋವಾ ಊರಿನ ವಾರಪತ್ರಿಕೆಗೆ ಮೆರೆಯಾನ ಮೂವತ್ತೊಂದು ವರ್ಷ ಸಿನಿಮಾ ವಿಮರ್ಶೆ ಬರೆದಳು. ಹೊಟ್ಟೆಪಾಡಿಗೆ ಕುರಿಯ ಉಣ್ಣೆ ವಿಂಗಡಿಸುವ ಕೆಲಸ, ಶನಿವಾರ ಬಸ್ಸು ಹಿಡಿದು ನೇಪಿಯರ್ ಪಟ್ಟಣಕ್ಕೆ ಹೋಗಿ ಸಿನಿಮಾ, ಗುರುವಾರ ಅಂಕಣ. ಆ ಅಂಕಣವನ್ನು ನಾನು ಶಾಲೆಯ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ಒಂದು ಸಡಿಲ ವಾಕ್ಯವೂ ಇರುತ್ತಿರಲಿಲ್ಲ.

ಮಾಯಾಲೋಕದ ಚಿತ್ರಗಳೆಂದರೆ ಅವಳಿಗೆ ಪ್ರಾಣ. ಆದರೆ "ಹಾರೋ ಹಲ್ಲಿಗೂ ಹೊಟ್ಟೆ ಹಸೀಬೇಕು ಕಣ್ರೀ, ಇಲ್ಲಾಂದ್ರೆ ನಾನು ನಂಬಲ್ಲ" ಎನ್ನುತ್ತಿದ್ದಳು. ಅವಳದು ಇನ್ನೊಂದು ನಿಯಮ: ಮುಖ ನೋಡಿ ಹೇಳಲಾಗದ್ದನ್ನು ಬರೆಯಬಾರದು. ಸಿನಿಮಾ ಮಾಡುವವರೆಲ್ಲ ದೂರದವರಾದ್ದರಿಂದ ಆ ನಿಯಮಕ್ಕೆ ಬಹುಕಾಲ ಪರೀಕ್ಷೆಯೇ ಬರಲಿಲ್ಲ.

ಬಂದದ್ದು ಹೋಹೆಪನಿಂದ. ಅವನು ಅವಳ ತಮ್ಮನ ಮಗ; ಸಾಕಿದವಳು ಅವಳೇ. ನಮ್ಮ ನದಿಯ ಮಡುವನ್ನು ಕಾಯುವ ತನಿಫಾ ಎಂಬ ಮಹಾಜೀವಿಯ ಮೇಲೆ ನಾಲ್ಕು ವರ್ಷ ಒದ್ದಾಡಿ ಚಿತ್ರ ಮಾಡಿದ. ಅದರ ಬೊಂಬೆಗೆ ಬಟ್ಟೆಯ ಮೈಚರ್ಮವನ್ನು ಊರಿನವರೇ ಹೊಲಿದುಕೊಟ್ಟರು. ಪ್ರದರ್ಶನಕ್ಕೆ ಮೂರು ದಿನವಿದ್ದಾಗ, ಮೊಬೈಲಿನಲ್ಲಿ ವಿಮರ್ಶೆ ಹೇಳಿ ಹೆಸರಾಗಿದ್ದ ನಮ್ಮೂರಿನದೇ ತರುಣಿ ರೌಕುರ, ನಲವತ್ತು ಸೆಕೆಂಡಿನ ತುಣುಕು ನೋಡಿ, "ಇದು ತನಿಫಾ ಅಲ್ಲ, ಕಣ್ಣಿರೋ ಒದ್ದೆ ಕಾಲೊರಸು" ಎಂದು ವಿಡಿಯೋ ಹಾಕಿದಳು. ಊರೆಲ್ಲ ನಕ್ಕಿತು.

ಹೋಹೆಪ ಅತ್ತೆಯ ಬಾಗಿಲಿಗೆ ಬಂದು ನಿಂತ. "ಆಂಟಿ, ನೀನು ಚೆನ್ನಾಗಿದೆ ಅಂತ ಒಂದ್ಮಾತು ಅಂದ್ರೆ ಸಾಕು. ಇಲ್ಲಾಂದ್ರೆ ಇದೊಂದೇ ಸಲ ತೋರಿಸಿ ಪೆಟ್ಟಿಗೆಗೆ ಹಾಕ್ತೀನಿ. ಕ್ಯಾಮೆರಾನೂ ಮಾರ್ತೀನಿ."

"ನೋಡಿದ ಮೇಲೆ ಹೇಳ್ತೀನಿ."

ಕುಲದ ಸಭಾಮನೆಯ ಊಟದ ಹಜಾರದಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ಮುಗಿದ ಮೇಲೆ ನಮ್ಮಲ್ಲಿ ಒಬ್ಬೊಬ್ಬರೇ ಎದ್ದು ಮಾತಾಡುವುದುಂಟು. ಮಾತು ಮುಗಿದಾಗ ಅದನ್ನು ಒಪ್ಪಿದವರು ಪಕ್ಕದಲ್ಲಿ ನಿಂತು ಹಾಡುತ್ತಾರೆ. ಯಾರೂ ಏಳದಿದ್ದರೆ ಆಡಿದವರು ಒಂಟಿ. ಆ ಒಂಟಿತನವನ್ನು ಊರು ಬೇಗ ಮರೆಯುವುದಿಲ್ಲ.

ಹಿಂದೆ ಕುಳಿತ ರೌಕುರ ಮೊಬೈಲ್ ಎತ್ತಿ ಹಿಡಿದಿದ್ದಳು.

"ಅದನ್ನ ಕೆಳಗಿಡು ಮಗಳೇ," ಎಂದಳು ಮೆರೆಯಾನ. "ಗಾಜಿಗೆ ಹೇಳಿದ್ದನ್ನ ಅವನ ಮುಖಕ್ಕೆ ಹೇಳು. ಗಾಜು ಎದುರು ಮಾತಾಡಲ್ಲ, ಅದಕ್ಕೇ ನಿಮಗೆ ಅಷ್ಟು ಧೈರ್ಯ."

ರೌಕುರ ಎದ್ದಳು. ಹೋಹೆಪ ನೆಲ ನೋಡುತ್ತಿದ್ದ. "ನಾನು... ಆಗ ಪೂರ್ತಿ ನೋಡಿರ್ಲಿಲ್ಲ," ಎಂದಳು. "ಇವತ್ತು ಅದು ಮಡುವಿನಿಂದ ತಲೆ ಎತ್ತಿದಾಗ ಹೆದರಿಕೆಯಾಯ್ತು. ಕಾಲೊರಸು ಅಂದಿದ್ದು ತಪ್ಪು, ಬ್ರೋ."

ಪಕ್ಕದವರು ಎದ್ದು ಅವಳೊಂದಿಗೆ ಹಾಡಿದರು, ಚಪ್ಪಾಳೆ ಬಿತ್ತು. ಇನ್ನು ಆಂಟಿಯ ಹೊಗಳಿಕೆಯೊಂದು ಬಾಕಿ ಎಂದು ಜನ ಅವಳತ್ತ ತಿರುಗಿದರು.

ಮೆರೆಯಾನ ಎದ್ದು ನಿಂತಳು. ಚಿತ್ರದುದ್ದಕ್ಕೂ ಗೀಚಿದ್ದ ಟಿಪ್ಪಣಿ ಪುಸ್ತಕ ಕೈಯಲ್ಲಿತ್ತು.

"ಹೋಹೆಪ, ನನ್ನ ಮುಖ ನೋಡು. ಮೊದಲರ್ಧದಲ್ಲಿ ನಿನ್ನ ತನಿಫಾಗೆ ಹಸಿವಿತ್ತು, ಕೋಪವಿತ್ತು. ನಾನು ಕುರ್ಚಿ ಬಿಗಿಹಿಡಿದು ಕೂತಿದ್ದೆ. ಆಮೇಲೆ ಅದು ಉಪದೇಶ ಮಾಡೋಕೆ ಶುರು ಮಾಡ್ತು. ನದಿ ಕಾಯೋ ಜೀವಿ ಯಾವತ್ತಾದ್ರೂ ಭಾಷಣ ಮಾಡುತ್ತಾ? ನೀನು ಜನ ಮೆಚ್ಚಲಿ ಅಂತ ಅದರ ಹಲ್ಲು ಕಿತ್ತುಬಿಟ್ಟೆ. ಚಿತ್ರ ಅರ್ಧ ಸತ್ಯ, ಅರ್ಧ ಸುಳ್ಳು. ಗುರುವಾರ ಇದನ್ನೇ ಬರೀತೀನಿ."

ಚರ್ಮ ಹೊಲಿದ ಹೆಂಗಸರು ಮುಖ ತಿರುಗಿಸಿದರು. "ಸಾಕಿದ ಕೈಯಲ್ಲೇ ಹೊಡೀತಾಳಲ್ಲ," ಎಂದು ಯಾರೋ ಗೊಣಗಿದರು. ಅವಳು ಕುಳಿತುಕೊಳ್ಳಲಿಲ್ಲ, ಹಾಡಿಗಾಗಿ ಕಾದಳು. ಯಾರೂ ಏಳಲಿಲ್ಲ. ನನ್ನ ಮುದಿ ಮೊಣಕಾಲು ಕೂಡ, ನಾಚಿಕೆಯಿಂದ ಹೇಳುತ್ತೇನೆ, ತಡಮಾಡಿತು.

ಆಗ ಕುರ್ಚಿ ಸರಿದ ಸದ್ದಾಯಿತು. ಹೋಹೆಪ ಬಂದು ಅವಳ ಪಕ್ಕದಲ್ಲಿ ನಿಂತ. ಶ್ರುತಿ ತಪ್ಪಿಯೇ ಹಾಡು ಎತ್ತಿದ. ಎರಡನೆಯ ಸಾಲಿಗೆ ರೌಕುರ ಬಂದಳು, ನಾನೂ ಎದ್ದೆ. ಮೂರನೆಯ ಸಾಲಿಗೆ ಹಜಾರವೇ ನಿಂತಿತ್ತು.

ಹಾಡು ಮುಗಿದಾಗ ಅವನು ಮೆಲ್ಲಗೆ ಕೇಳಿದ. "ಯಾವ ನಿಮಿಷದಿಂದ ಸುಳ್ಳು, ಆಂಟಿ?"

ಅವಳು ಪುಸ್ತಕ ಬಿಡಿಸಿದಳು. "ಐವತ್ತೆರಡರಿಂದ."

"ನಾಳೆ ಬರ್ತೀನಿ. ಪುಸ್ತಕ ತೆಗೆದಿಟ್ಟಿರು."