ಜೌಗಿನ ನೀರಿಗೆ ಕಿವಿಗೊಡುವ ಡಿಂಪ್ನಾ

ಬೆಳಗಿನ ಐದೂವರೆ. ಐರ್ಲೆಂಡಿನ ನಡುನಾಡಿನ ಕ್ಲೂನಡಾರ ಜೌಗಿನ ಮೇಲೆ ಮೊಣಕಾಲೆತ್ತರದ ಮಂಜು. ನೆಲದಲ್ಲಿ ಹೂತ ಕೊಳವೆಯ ಪಕ್ಕ ಮಂಡಿಯೂರಿದ ಡಿಂಪ್ನಾ ಹೀವಿ, ಅದರೊಳಗೆ ತೆಳುವಾದ ರಬ್ಬರ್ ನಳಿಕೆ ಇಳಿಸುತ್ತ ಮೇಲಿನ ತುದಿಯಿಂದ ಮೆಲ್ಲಗೆ ಊದುತ್ತಾರೆ. ನಳಿಕೆ ನೀರು ಮುಟ್ಟಿದರೆ ಗುಳುಗುಳು ಸದ್ದು. ಅಲ್ಲಿಗೆ ನಿಲ್ಲಿಸಿ, ನಳಿಕೆಯ ಮೇಲಿನ ಗುರುತು ನೋಡಿ ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳಬೇಕು. ಪೂರ್ವದಂಚಿನ ಈ ಕೊಳವೆಯಲ್ಲಿ ಸದ್ದು ಬರುವುದು ದಿನದಿನಕ್ಕೆ ತಡವಾಗುತ್ತಿದೆ.

ಕಾಲುವೆ ಮುಚ್ಚುವ ಯಂತ್ರ ಓಡಿಸುವ ಲಾರ್ಕನ್ ದೂರದಿಂದಲೇ ಕೂಗುತ್ತಾನೆ: “ಏನ್ ಡಿಂಪ್ನಾ, ಬೆಳ್‌ಬೆಳಗ್ಗೆನೇ ನೆಲಕ್ಕೆ ಪೈಪು ಸೇದಿಸ್ತಿದ್ದೀಯಾ?”

“ಬಾಯ್ಮುಚ್ಕೊಂಡು ನಿಂತ್ಕೊಳೋ ದಡ್ಡ. ಕೇಳಿಸ್ಕೋಬೇಕು.”

ಐವತ್ತೆಂಟರ ಡಿಂಪ್ನಾ ಈ ಜೌಗನ್ನು ಒಣಗಿಸಿದವರ ಮಗಳು. ಅಪ್ಪ ಕಾಲುವೆ ತೋಡಿ ನೀರು ಬಸಿದರು. ಒಣಗಿದ ಪಾಚಿಮಣ್ಣನ್ನು ಡಿಂಪ್ನಾ ಇಪ್ಪತ್ತೆರಡು ವರ್ಷ ಕತ್ತರಿಸಿ ವಿದ್ಯುತ್ ಸ್ಥಾವರಕ್ಕೆ ಉರುವಲಾಗಿ ಸಾಗಿಸಿದರು. ಹೊಗೆ ಜಾಸ್ತಿ ಎಂದು ಸ್ಥಾವರ ಮುಚ್ಚಿತು. ಒಣ ಜೌಗು ತಾನೂ ಇಂಗಾಲ ಉಗುಳುತ್ತದೆ, ಮತ್ತೆ ನೆನೆಸಿ ಎಂದರು ಸರ್ಕಾರದವರು. ಊರು ಹೆಚ್ಚು ಮಾತಾಡದೆ ಒಪ್ಪಿಕೊಂಡಿತು. ಆರು ವರ್ಷದಲ್ಲಿ ಕಾಲುವೆಗಳಿಗೆ ಅಡ್ಡಲಾಗಿ ನಾನೂರ ಹನ್ನೆರಡು ಒಡ್ಡು ಕಟ್ಟಿದ್ದಾರೆ. ಬೆಳಗಿಗೆ ಅರವತ್ತನಾಲ್ಕು ಕೊಳವೆ, ಹನ್ನೊಂದು ಕಿಲೋಮೀಟರ್ ನಡಿಗೆ.

“ಅಪ್ಪ ತೋಡಿದ್ದನ್ನ ನಾನು ಮುಚ್ಚಿದೆ. ಇದ್ದಿದ್ರೆ ಬೈತಿದ್ರು. ಆಮೇಲೆ ತಾವೇ ಸಲಿಕೆ ಹಿಡೀತಿದ್ರು.”

ಜೌಗಿನ ಪೂರ್ವಕ್ಕೆ ಈಗ ಕಿಟಕಿಯಿಲ್ಲದ ಒಂದು ಬೂದು ಕಟ್ಟಡ. ಯಾರ್ಯಾರದೋ ಫೋಟೊ, ವಿಡಿಯೊ, ಕಡತಗಳನ್ನು ಕಾಯುವ ಡೇಟಾ ಕೇಂದ್ರ. ಊರಿಗೆ ಬರುವ ಕರೆಂಟು ಅದಕ್ಕೆ ಸಾಲುವುದಿಲ್ಲ. ಸ್ವಂತ ಗ್ಯಾಸ್ ಎಂಜಿನ್ ಇಟ್ಟುಕೊಂಡಿದೆ. ಜೌಗು ನೆನೆಸುವ ಖರ್ಚು ಕೊಡುವುದೂ ಅದೇ ಕಂಪನಿ. ನೆಂದ ಜೌಗು ಹಿಡಿದಿಡುವ ಇಂಗಾಲಕ್ಕೂ ತನ್ನ ಹೊಗೆಗೂ ಸರಿಹೋಯಿತು ಎನ್ನುತ್ತದೆ. ಆದರೆ ತಳಪಾಯ ಒಣಗಿರಲೆಂದು ಅದರ ಪಂಪುಗಳು ಹಗಲಿರುಳು ನೆಲದ ನೀರೆತ್ತುತ್ತವೆ. ಎರಡು ವರ್ಷದಲ್ಲಿ ಪೂರ್ವದಂಚಿನ ನೀರು ಮೂವತ್ತೊಂದು ಸೆಂಟಿಮೀಟರ್ ಕೆಳಗಿಳಿದಿದೆ. ಡಿಂಪ್ನಾ ಅಲ್ಲದೆ ಅದನ್ನು ಯಾರೂ ಅಳೆದಿಲ್ಲ.

ಕಳೆದ ವಸಂತದಲ್ಲಿ ಕಂಪನಿ, ತಾವಾಗಿಯೇ ನೀರಳೆದು ಲೆಕ್ಕ ಕಳಿಸುವ ಹನ್ನೆರಡು ಸಾಧನಗಳನ್ನು ನೆಡಲು ಒಬ್ಬ ಹುಡುಗನನ್ನು ಕಳಿಸಿತು. ಹೊಸ ಬೂಟು, ತೆಳು ಕೋಟು. ಜೌಗಿಗೆ ಬಂದ ಅತಿಥಿಯನ್ನು ಮುಳುಗದ ಜಾಗದಲ್ಲಿ ನಡೆಸುವುದು ಇಲ್ಲಿಯ ರೂಢಿ. ಮುಳುಗದ ಜಾಗವೆಂದರೆ ಒಡ್ಡಿನ ಮೇಲೆ; ಡಿಂಪ್ನಾ ಅವನನ್ನು ಅಲ್ಲೇ ನಡೆಸಿದರು. ಒಡ್ಡಿನ ಮಗ್ಗುಲಲ್ಲಿ ಸದಾ ನೀರು ನಿಂತಿರುತ್ತದೆ. ಹುಡುಗ ಹನ್ನೆರಡನ್ನೂ ಆ ನೀರಲ್ಲೇ ನೆಟ್ಟ.

“ಟೀ ಬೇರೆ ಕೊಟ್ಟೆ ಅವನಿಗೆ. ಪೂರ್ವದ ಕಡೆ ಹೋಗೋಕೆ ಒಡ್ಡು ಬಿಟ್ಟು ಇಳಿದ್ರೆ ಸೊಂಟದವರೆಗೂ ಹೂತ್ಕೋತಾನೆ ಪಾಪ ಅನ್ನಿಸ್ತು. ಎಲ್ಲಿ ನೆಡ್ತಿದ್ದಾನೆ ಅಂತ ನೋಡ್ತಾನೇ ಇದ್ದೆ. ತಲೆಗೆ ಹೋಗ್ಲೇ ಇಲ್ಲ.”

ಕೇಂದ್ರದ ಎರಡನೇ ಕಟ್ಟಡಕ್ಕೆ ಅನುಮತಿಯ ವಿಚಾರಣೆ ನಡೆದಾಗ ಪರದೆಯ ಮೇಲೆ ಹನ್ನೆರಡು ಹಸಿರು ಚುಕ್ಕೆ. ಹಸಿರೆಂದರೆ ಜೌಗು ತುಂಬಿದೆ ಎಂದರ್ಥ. ಡಿಂಪ್ನಾ ತಮ್ಮ ಅಳತೆಯ ಪುಸ್ತಕ ಚಾಚಿದರು. ಅಧಿಕಾರಿ ಎರಡು ಹಾಳೆ ತಿರುವಿ, ಬಾಯಲ್ಲಿ ಊದಿ ಅಳೆದದ್ದೇ ಎಂದು ಕೇಳಿದರು. ಯಾರೋ ನಕ್ಕರು. ಹೌದು ಎಂದರು ಡಿಂಪ್ನಾ. ಕಳೆದ ತಿಂಗಳು ಅನುಮತಿ ಸಿಕ್ಕಿದೆ. ಇನ್ನಷ್ಟು ಎಂಜಿನ್, ಇನ್ನಷ್ಟು ಪಂಪು ಬರುತ್ತವೆ. ಕೈಯಲ್ಲಿ ಅಳೆಯುವ ಕೆಲಸ ಈ ಶುಕ್ರವಾರಕ್ಕೆ ಕೊನೆ.

ಪೂರ್ವದಂಚಿನಲ್ಲಿ ಹಸಿರು ಪಾಚಿ ಬಿಳಿಚಿಕೊಂಡು ಕೈಗೆ ಪುಡಿಯಾಗುತ್ತಿದೆ. ಆರು ವರ್ಷ ಹಿಡಿದಿಟ್ಟ ಇಂಗಾಲ ಸದ್ದಿಲ್ಲದೆ ಗಾಳಿಗೆ ಹೋಗುತ್ತಿದೆ. ಡಿಂಪ್ನಾ ಪುಡಿಯನ್ನು ಕೊಡವಿಕೊಳ್ಳುವುದಿಲ್ಲ.

“ಆ ಹನ್ನೆರಡ್ರಲ್ಲಿ ಒಂದನ್ನ ಕಿತ್ತು ಇಲ್ಲಿ ನೆಡಿ ಅಂತ ಕಂಪನಿಗೆ ಕಾಗದ ಬರ್ದಿದ್ದೀನಿ. ಗುಂಡಿ ನಾನೇ ತೋಡ್ಕೊಡ್ತೀನಿ. ನೀರು ವಾಪಸ್ ಬರಲ್ಲ, ಗೊತ್ತು. ಹೋಯ್ತು ಅಂತಾದ್ರೂ ಅವರ ಪರದೆ ಮೇಲೆ ಒಂದ್ಸಲ ಕಾಣ್ಲಿ.”