ಖಾಯಂ ವಿಳಾಸ

ಭಾರತದ ಪ್ರಜೆಗಳಾಗಲು ನಾನೂ ನನ್ನ ಗಂಡನೂ ಒಂದೇ ದಿನ, ಒಂದೇ ಮೇಜಿನ ಮುಂದೆ ನಿಂತು ಅರ್ಜಿ ಕೊಟ್ಟವರು. ಅವರಿಗೆ ಪ್ರಮಾಣಪತ್ರ ಬಂತು. ನನಗೆ ಬಂದದ್ದು ಪ್ರಶ್ನೆ. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ನಾವಿಬ್ಬರೂ ಹುಟ್ಟಿದ್ದು ಕೊಲಂಬೋದಲ್ಲಿ. ನನ್ನ ಅಮ್ಮ ನರಿಕೊಂಬಿನವಳು, ಅವರ ಅಮ್ಮ ಗುರುವಾಯನಕೆರೆಯ ಕಡೆಯವರು. ಇಬ್ಬರ ಅಪ್ಪಂದಿರೂ ಅಲ್ಲಿ ಹೋಟೆಲು ನಡೆಸುತ್ತಿದ್ದರು. ಲೈಸೆನ್ಸಿಗೆ ಬೇಕಾಗುತ್ತದೆಂದು ಮಕ್ಕಳನ್ನೂ ಸೇರಿಸಿ ಸಿಲೋನಿನ ಪ್ರಜೆಗಳೆಂದು ಬರೆಸಿಬಿಟ್ಟಿದ್ದರು. ಅಲ್ಲಿ ದಿನಮಾನ ಕೆಟ್ಟಾಗ ಅಮ್ಮ, ನನ್ನ ತಂಗಿ ಹುಟ್ಟಿ ಬೆಳೆದಿದ್ದ ನರಿಕೊಂಬಿಗೆ ವಾಪಸಾದಳು. ಮದುವೆಯಾದ ಹೊಸತಿನಲ್ಲಿದ್ದ ನಾವು ಮೂಡಬಿದಿರೆಗೆ ಬಂದು ಬಾಡಿಗೆ ಮನೆ ಹಿಡಿದೆವು. ಇವರು ಪೇಟೆಯಲ್ಲಿ ಸಣ್ಣ ಚಾ ಹೋಟೆಲು ಇಟ್ಟರು. ಬೆಳಗಿನಿಂದ ರಾತ್ರಿಯವರೆಗೆ ತುಳು ಮಾತಾಡುವ ನಾವು ಕಾಗದದಲ್ಲಿ ಪರದೇಶಿಗಳು. ವರ್ಷ ವರ್ಷ ಪೊಲೀಸರ ಮುಂದೆ ಹೋಗಿ, ಇಲ್ಲಿರಲು ಪರವಾನಗಿ ಮುಂದುವರಿಸಿಕೊಂಡು ಬರಬೇಕಿತ್ತು. ಒಂದು ವರ್ಷ ಖಡಾಖಂಡಿತವಾಗಿ ಹೇಳಿದರು: ಇನ್ನು ಮುಂದುವರಿಸುವುದಿಲ್ಲ, ಪ್ರಜೆಗಳಾಗಿ, ಇಲ್ಲವೇ ವಾಪಸು ಹೋಗಿ. ನಾನು ಆಗ ಬಸುರಿ.

ಅರ್ಜಿಯಲ್ಲಿ ಖಾಯಂ ವಿಳಾಸ ಕೇಳಿದ್ದರು. ಇವರು ಗುರುವಾಯನಕೆರೆಯ ತಮ್ಮ ತಾಯಿಮನೆಯ ಹೆಸರು ಬರೆದರು. ನಾನು ನರಿಕೊಂಬಿನ ನನ್ನ ತಾಯಿಮನೆಯ ಹೆಸರು ಬರೆದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ನಮ್ಮದು ಅಳಿಯಕಟ್ಟು, ಮನೆ ಆಸ್ತಿ ತಾಯಿಯಿಂದ ಮಗಳಿಗೆ ಇಳಿಯುವುದು; ಹೆಣ್ಣಿಗೆ ತಾಯಿಯ ಮನೆಯೇ ಮನೆ, ಅವಳ ಮಕ್ಕಳಿಗೂ ಅದೇ ಮನೆ. ಮದುವೆಯಾಯಿತೆಂದು ಅದು ಬದಲಾಗುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ಸರಕಾರಕ್ಕೆ ಬಿಡಿಸಿ ಹೇಳಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ವಿಚಾರಣೆಗೆ ಪೊಲೀಸರು ಮೂಡಬಿದಿರೆಗೆ ಬಂದಾಗ ನಾನು ಹೆರಿಗೆಗೆ ನರಿಕೊಂಬಿಗೆ ಹೋಗಿದ್ದೆ. ಪಕ್ಕದ ಮನೆಯವರನ್ನು ಕೇಳಿದರಂತೆ. "ಇಲ್ಲಿ ಗಂಡ ಒಬ್ಬರೇ ಇರುವುದು. ಹೆಂಡತಿ ತಮ್ಮ ಮನೆಯಲ್ಲಿದ್ದಾರೆ," ಎಂದು ಆ ಪುಣ್ಯಾತ್ಮರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಷ್ಟು ಸಾಕಾಯಿತು. ಇವರ ಅರ್ಜಿ ಪಾಸಾಯಿತು. ನನ್ನದಕ್ಕೆ ಉತ್ತರ ಬಂತು: ಗಂಡನಿಂದ ಬೇರೆ ವಾಸವಾಗಿರುವುದಕ್ಕೆ ಕಾರಣ ತಿಳಿಸತಕ್ಕದ್ದು.

ಎಳೆಗೂಸನ್ನು ಹೊತ್ತುಕೊಂಡು ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಘಟ್ಟದ ಮೇಲಿನವರು, ನಮ್ಮ ಕಟ್ಟು ಗೊತ್ತಿಲ್ಲದವರು. ಒಳ್ಳೆಯ ಮನುಷ್ಯ, ಅದೇ ದೊಡ್ಡ ಕಷ್ಟ. ಬೈಯಲಿಕ್ಕೂ ಬರುವ ಹಾಗಿರಲಿಲ್ಲ.

"ಇವರು ನಿಮ್ಮನ್ನ ಬಿಟ್ಟುಬಿಟ್ಟಿದ್ದಾರಾ ತಾಯಿ?" ಎಂದು ತಗ್ಗಿದ ಸ್ವರದಲ್ಲಿ ಕೇಳಿದರು. ಇವರು ನನ್ನ ಪಕ್ಕದಲ್ಲೇ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

"ಬಿಟ್ಟವರು ಹೀಗೆ ಮಗುವನ್ನು ಆಡಿಸಿಕೊಂಡು ಕೂತುಕೊಳ್ತಾರಾ ಸಾರ್?"

"ಮತ್ತೆ ತವರುಮನೆ ವಿಳಾಸ ಯಾಕೆ ಬರೆದ್ರಿ?"

"ನನ್ನ ಮನೆ ಅದೇ ಅಲ್ವಾ?"

"ಹಾಗಾದ್ರೆ ಗಂಡನ ಮನೆ?"

"ಅದು ಅವರ ಅಕ್ಕನ ಮನೆ."

"ನಿಮ್ಮ ಗಂಡನಿಗೆ ಮನೇನೇ ಇಲ್ವಾ?"

"ಉಂಟಲ್ಲ, ಮೂಡಬಿದಿರೆಯಲ್ಲಿ. ಬಾಡಿಗೆಗೆ."

ಅವರು ಪೆನ್ನು ಕೆಳಗಿಟ್ಟು ಹಣೆ ಒರೆಸಿಕೊಂಡರು. ಆಮೇಲೆ ದಾರಿ ಹೇಳಿಕೊಟ್ಟರು. ಗಂಡ ಈಗ ಪ್ರಜೆ. ನಾನು ಅವರ ಹೆಂಡತಿಯೆಂದು ಹೊಸದಾಗಿ ಅರ್ಜಿ ಹಾಕಿದರೆ ಸುಲಭ. ಗಂಡನ ಮನೆಯೇ ನನ್ನ ಮನೆಯೆಂದು ಆ ಮನೆಯ ಹಿರಿಯರಿಂದ ಒಂದು ಹೇಳಿಕೆ ತಂದರೆ ಮುಗಿಯಿತು. ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಮಗು ಹುಟ್ಟಿದ್ದು ಇಲ್ಲಿ, ಹಾಗಾಗಿ ಅದು ಇಲ್ಲಿಯದು. ಅದರ ಅಪ್ಪ ಇಲ್ಲಿಯವರಾದರು. ವಾಪಸು ಹೋಗಬೇಕಾದವಳು ನಾನೊಬ್ಬಳೇ, ಅದೂ ಹಾಲು ಕುಡಿಯುವ ಮಗುವನ್ನು ಬಿಟ್ಟು.

ಗುರುವಾಯನಕೆರೆಗೆ ಹೋದೆವು. ಆಗ ಒಟ್ಟಾಗಿದ್ದ ಆಸ್ತಿಯನ್ನು ಹಂಚಿಕೊಳ್ಳಬಹುದೆಂದು ಹೊಸ ಕಾನೂನು ಬಂದು ಅಳಿಯಕಟ್ಟಿನ ಮನೆಮನೆಯಲ್ಲೂ ಪಾಲಿನ ಮಾತು ಎದ್ದಿತ್ತು. ಇವರ ಅಕ್ಕ ಕೋಳಿ ಸಾರು, ನೀರುದೋಸೆ ಮಾಡಿ ಬಡಿಸಿದರು. ಮಗುವಿಗೆ ದೃಷ್ಟಿ ತೆಗೆದರು. ಹೇಳಿಕೆಯ ವಿಷಯ ಬಂದದ್ದೇ ಕೈ ತೊಳೆದುಕೊಂಡರು.

"ನಿನ್ನ ಮೇಲೆ ನನಗೆ ಎಂತದೂ ಇಲ್ಲ ಮಾರಾಯ್ತಿ. ಆದರೆ ಈ ಮನೆ ನಿನ್ನದು ಅಂತ ಹೇಗೆ ಬರೆದು ಕೊಡುವುದು? ನಾಳೆ ನಿನ್ನ ಮಕ್ಕಳು ಪಾಲು ಕೇಳಿದರೆ ನನ್ನ ಮಕ್ಕಳು ಎಂತ ಮಾಡಬೇಕು?"

ಇವರು ತಲೆ ಎತ್ತದೆ ದೋಸೆ ತಿಂದರು. ಬಸ್ಸಿನಲ್ಲಿ ನಾನು, "ನಿಮಗೆ ಬಾಯಿ ಇಲ್ವಾ?" ಎಂದು ಕೇಳಿದೆ.

"ಅಕ್ಕ ಹೇಳಿದ್ದರಲ್ಲಿ ತಪ್ಪೆಂತ ಉಂಟು?" ಎಂದರು.

ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಮಂಡೆ ಬಿಸಿಯಾಯಿತು. ಮೂಡಬಿದಿರೆ ಮುಟ್ಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಪುನಃ ಕಚೇರಿಗೆ. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೇ ಕೊಡಲು ತಯಾರು, ಅಡ್ಡ ನಿಂತವರು ನಮ್ಮವರೇ. ಗುಮಾಸ್ತರು ಸ್ವಲ್ಪ ಯೋಚಿಸಿ, ಬಾಡಿಗೆ ಮನೆಯೂ ಆದೀತು ಎಂದರು. ಆದರೆ ಹಿಂದೆ ಬರೆದ ವಿಳಾಸವನ್ನು ತೆಗೆಯಬೇಕಲ್ಲ? ನಾನು ನರಿಕೊಂಬಿನ ಮನೆಯನ್ನು ಬಿಟ್ಟು ಗಂಡನ ಜೊತೆ ಮೂಡಬಿದಿರೆಯಲ್ಲಿ ಖಾಯಂ ಆಗಿ ನೆಲೆಸಿದ್ದೇನೆಂದು ನಾನೂ ಬರೆದುಕೊಡಬೇಕು, ಆ ಮನೆಯ ಯಜಮಾನರೂ ಒಪ್ಪಿ ಸಹಿ ಹಾಕಬೇಕು.

ಯಜಮಾನರೆಂದರೆ ಅಮ್ಮನ ಅಣ್ಣ, ನನ್ನ ಮಾವ. ಅವರು ಒಪ್ಪಲಿಕ್ಕಿಲ್ಲ, ಗುರುವಾಯನಕೆರೆಯ ಅಕ್ಕನ ಹಾಗೆ ಮಾವನೂ ಕಾನೂನು ಮಾತಾಡುತ್ತಾರೆ ಎಂದುಕೊಂಡೇ ಹೋದೆ. ಜಗಳಕ್ಕೆ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

"ಬರಿ ಮಗಳೇ," ಎಂದರು ಮಾವ, ಎಲೆಗೆ ಸುಣ್ಣ ಸವರುತ್ತ. "ಕಾಗದಕ್ಕೆ ಬರೆಯುವುದು ಅಷ್ಟೆ. ಮನೆ ಎಲ್ಲಿಗೆ ಹೋಗ್ತದೆ? ನಾನು ಈಗಲೇ ಸಹಿ ಹಾಕ್ತೇನೆ."

ಅಮ್ಮ ಬಾಗಿಲಿನ ಹತ್ತಿರ ನಿಂತಿದ್ದಳು. "ಬರೆಯಬೇಡ," ಎಂದಳು.

"ಬರೆಯದಿದ್ದರೆ ಮಗುವನ್ನು ಬಿಟ್ಟು ಕೊಲಂಬೋಗೆ ಹೋಗುವುದಾ?" ಎಂದು ಅವಳ ಮೇಲೆಯೇ ರೇಗಿದೆ. ನಾನು ಬರೆದೆ, ಮಾವ ಸಹಿ ಹಾಕಿದರು.

ಮಳೆಗಾಲಕ್ಕೆ ಮುಂಚೆ ನನ್ನ ಪ್ರಮಾಣಪತ್ರ ಬಂತು. ಇವರು ಹೋಟೆಲಿನಲ್ಲಿ ಬಂದವರಿಗೆಲ್ಲ ಬಾಳೆಹಣ್ಣಿನ ಹಲ್ವ ಕೊಟ್ಟರು. ಇನ್ನು ಯಾವ ಪೊಲೀಸನೂ ನನ್ನ ಬಾಗಿಲು ತಟ್ಟುವ ಹಾಗಿಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಡುಗೆಮನೆಯಲ್ಲಿ ಕೂತು ಅತ್ತೆ.

ಮಗು ನಡೆಯಲು ಕಲಿತ ಮೇಲೆ ನರಿಕೊಂಬಿನಲ್ಲಿ ಪಾಲಾಯಿತು. ಚಾವಡಿಯಲ್ಲಿ ಎಲ್ಲರೂ ಕೂತಿದ್ದೆವು. ವಕೀಲರ ಗುಮಾಸ್ತ ಪತ್ರ ಓದಿದ. ಅಮ್ಮನ ಹೆಸರು ಬಂತು. ನನ್ನ ತಂಗಿಯ ಹೆಸರು, ಅವಳ ಮಕ್ಕಳ ಹೆಸರು ಬಂದವು. ಓದಿ ಮುಗಿಯಿತು. ನನ್ನದೂ ಮಗುವಿನದೂ ಬರಲಿಲ್ಲ. ಏನೋ ಬಿಟ್ಟುಹೋಗಿದೆ ಎಂದೆ.

"ಮನೆ ಬಿಟ್ಟಿದ್ದೇನೆ ಅಂತ ನೀನೇ ಬರೆದು ಕೊಟ್ಟಿದ್ದೀಯಲ್ಲ ಮಗಳೇ," ಎಂದರು ಮಾವ, ಬಹಳ ಮೃದುವಾಗಿ. "ಸರಕಾರವೇ ಒಪ್ಪಿದೆ."

ಕೋರ್ಟಿಗೆ ಹೋಗಬಹುದಿತ್ತು, ಗೆಲ್ಲಲೂಬಹುದಿತ್ತು ಎಂದು ಆಮೇಲೆ ಬಹಳ ಮಂದಿ ಹೇಳಿದರು. ಇನ್ನೊಂದು ಕಚೇರಿಯ ಬೆಂಚಿನ ಮೇಲೆ ಕೂತು, ನನ್ನ ಮನೆ ಯಾವುದೆಂದು ಇನ್ನೊಬ್ಬರಿಗೆ ವಿವರಿಸುವ ತ್ರಾಣ ನನಗಿರಲಿಲ್ಲ. ಮಗುವನ್ನು ಎತ್ತಿಕೊಂಡು ಅಂಗಳಕ್ಕಿಳಿದೆ. ಹಿಂದಿನಿಂದ ಅಮ್ಮ, "ಊಟ ಮಾಡಿ ಹೋಗು," ಎಂದು ಕರೆದಳು. ಅದುವರೆಗೆ ಆ ಮನೆಯಲ್ಲಿ ಅವಳು ನನಗೆ ಊಟ ಮಾಡು ಎಂದದ್ದುಂಟು. ಮಾಡಿ ಹೋಗು ಎಂದದ್ದಿಲ್ಲ.