ರಿಚರ್ಡಣ್ಣನ ಕಪಾಟು

ನಮ್ಮ ಬೀದರಿನ ಕಾಲೇಜಿನ ಮುದ್ರಣಕಲಾ ವಿಭಾಗಕ್ಕೆ ಮುಖ್ಯಸ್ಥೆ ನಾನಾದರೂ ದೊರೆ ಮಾತ್ರ ಅಟೆಂಡರ್ ರಿಚರ್ಡಣ್ಣ. ಶಾಯಿ ಹದವಾಗಿದೆಯೋ ಇಲ್ಲವೋ ಎಂಬುದನ್ನು ರೋಲರಿನ ಸದ್ದಿನಿಂದಲೇ ಹೇಳುತ್ತಾರೆ. ಪ್ರೆಸ್ಸಿನ ಚಕ್ರಕ್ಕೆ ಪ್ರಾಂಶುಪಾಲರು ಕೈ ಹಚ್ಚಿದರೂ "ಮೊದಲು ಕೈ ತೊಳ್ಕೊಂಡು ಬರ್ರಿ ಸರ್" ಎನ್ನುತ್ತಾರೆ. ಹಾಳೆ ಎತ್ತುವಾಗ ಅವರು ಚಿತ್ರ ನೋಡುವುದಿಲ್ಲ, ಕೆತ್ತಿದವರ ಮುಖ ನೋಡುತ್ತಾರೆ. ನಿನ್ನೆ ಅದು ಮೆಹಕರದ ವಿದ್ಯಾರ್ಥಿನಿ ಸಾನಿಕಾಳ ಮುಖ. ಮರದ ಹಲಗೆಯಲ್ಲಿ ಕೆತ್ತಿದ ಜಾಗ ಹಾಳೆಯ ಮೇಲೆ ಬಿಳಿಯಾಗಿ, ಉಳಿಸಿದ್ದು ಕಪ್ಪಾಗಿ ಬೀಳುತ್ತದೆ; ಅವಳು ಉಳಿಸಬೇಕಾದ ಅಷ್ಟೂರಿನ ಸುಲ್ತಾನರ ಗೋರಿಯ ಗುಮ್ಮಟವನ್ನೇ ಕೆತ್ತಿ ಹಾಕಿದ್ದಳು. "ಇದು ನನ್ನ ಕೈಲಿ ಆಗಂಗಿಲ್ರಿ, ಕಾಲೇಜ್ ಬಿಟ್ಟು ಊರಿಗಿ ಹೋಗ್ತೇನಿ" ಎಂದು ಅತ್ತಳು. "ತಡಿ ಯವ್ವಾ" ಎಂದ ರಿಚರ್ಡಣ್ಣ, ಯಾರಿಗೂ ತೋರಿಸದ ಕಪಾಟಿನ ಬೀಗ ತೆಗೆದರು. ಒಳಗೆ ಇಪ್ಪತ್ತೈದು ವರ್ಷಗಳ ಕೆಟ್ಟುಹೋದ ಪ್ರಿಂಟುಗಳು, ನಡುನಡುವೆ ಬಟರ್ ಪೇಪರ್ ಇಟ್ಟು ಜೋಪಾನ ಮಾಡಿದ್ದವು. ಒಂದನ್ನು ಎಳೆದು ಹರಡಿದರು: ಭಾಲ್ಕಿ ಸ್ಟೇಷನ್, ಜನ, ಗಂಟುಮೂಟೆ, ರೈಲಿನ ಜಾಗದಲ್ಲಿ ಮಾತ್ರ ಖಾಲಿ ಬಿಳುಪು. "ಇವರು ರೈಲೇ ಕೆತ್ತಿ ಒಗದಿದ್ರು. ಇವರೂ ಅವತ್ತ ಮನಿಗಿ ಹೊಂಟಿದ್ರು." ಕೆಳಗೆ ಪೆನ್ಸಿಲಿನಲ್ಲಿ, ನಾನಿಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಬರೆದ ನನ್ನ ಹೆಸರಿತ್ತು. ಸಾನಿಕಾ ಅದನ್ನು ಓದಿ, ನನ್ನ ಮುಖ ನೋಡಿ, ಕಣ್ಣೀರಿನಲ್ಲೇ ನಗುವಷ್ಟರಲ್ಲಿ ರಿಚರ್ಡಣ್ಣನ ಕೈಯಿಂದ ಅವಳ ಗುಮ್ಮಟ ಕಪಾಟಿನಲ್ಲಿ ನನ್ನ ರೈಲಿನ ಮೇಲೆ ಹೋಗಿ ಮಲಗಿತ್ತು.